ತುಂಬದ ಗುಂಡಿ

ಮನೆ ಕೊಳ್ಳುವವರು ಏನೇನೋ ನೋಡುತ್ತಾರಂತೆ. ಬಾಗಿಲು ಯಾವ ದಿಕ್ಕಿಗಿದೆ, ಅಡುಗೆಮನೆಗೆ ಬೆಳಕು ಬರುತ್ತದೋ ಇಲ್ಲವೋ, ಎದುರುಗಡೆ ಎಂಥವರಿದ್ದಾರೆ. ನಾನು ನೋಡಿದ್ದು ಒಂದೇ, ಸಂಡಾಸ. ನಗುವವರು ನಗಲಿ. ಔರಾದ ತಾಲೂಕಿನ ಚಿಂತಾಕಿಯಲ್ಲಿ ಕತ್ತಲಾಗುವುದನ್ನೇ ಕಾಯುತ್ತ, ಹೊಟ್ಟೆ ಹಿಡಿದುಕೊಂಡು ಬೆಳೆದವಳು ನಾನು. ನರ್ಸಿಂಗ್ ಓದಿ ಸರಕಾರಿ ನೌಕರಿ ಹಿಡಿದು ಬೀದರಿಗೆ ಬಂದರೆ, ಹಳೇ ಊರಿನ ವಠಾರದಲ್ಲಿ ಐದು ಮನೆಗೆ ಒಂದೇ ಸಂಡಾಸ. ದವಾಖಾನೆಯಲ್ಲಿ ಎಲ್ಲರೂ ನನ್ನನ್ನು "ಸಿಸ್ಟರ್ ಬಾಯಿ" ಎಂದು ಕರೆಯುವವರೇ. ಬೆಳಿಗ್ಗೆ ಎದ್ದರೆ ಅದೇ ಸಿಸ್ಟರ್ ಬಾಯಿ ಚೊಂಬು ಹಿಡಿದು, ಒಳಗಿದ್ದವರಿಗೆ "ಲಗೂ ಬರ್ರೀ" ಎಂದು ಕೂಗುತ್ತ ಸಾಲಿನಲ್ಲಿ ನಿಲ್ಲಬೇಕು. ಸಿಟ್ಟು ಬರುವುದಿಲ್ಲವೇ?

ಮನೆ ಹುಡುಕುವುದಂತೂ ದೊಡ್ಡ ಗೋಳು. ಫೋನಿನಲ್ಲಿ "ಬರ್ರಿ ಬರ್ರಿ" ಎಂದವರು, ಎದುರು ಕೂರಿಸಿ ಚಹಾ ಕೊಟ್ಟು, ಅಡ್ಡಹೆಸರು ಕೇಳುತ್ತಿದ್ದರು. ಅದರಿಂದ ತಿಳಿಯದಿದ್ದರೆ ಮನೆಯಲ್ಲಿ ಯಾವ ದೇವರು ಎಂದು ಕೇಳುತ್ತಿದ್ದರು. ನಾವು ಬುದ್ಧನ ಹೆಸರು ಹೇಳಿದ ಕೂಡಲೇ ಮನೆ ನಿನ್ನೆಯೇ ಬೇರೆಯವರಿಗೆ ಮಾತಾಗಿಬಿಟ್ಟಿರುತ್ತಿತ್ತು. ನನ್ನ ಗಂಡ ಕಾಶೀರಾಮ ಬಸ್ ಡಿಪೋದಲ್ಲಿ ಗುಮಾಸ್ತ. ಜಗಳ ಎಂದರೆ ಮೈಲು ದೂರ ಓಡುವ ಮನುಷ್ಯ. "ಹೋಗ್ಲಿ ಬಿಡು ಕೌಸಲ್ಯಾ, ಇನ್ನೊಂದು ನೋಡೋಣ" ಎನ್ನುತ್ತಿದ್ದರು. ಅವರ ಈ "ಹೋಗ್ಲಿ ಬಿಡು" ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿದಿತ್ತು.

ಹಾಗಿರುವಾಗ ಸಿಕ್ಕಿದ್ದು ಊರ ಹೊರಗಿನ ಚಂದನ ಕಾಲೋನಿ. ಓವರ್‌ಸಿಯರ್ ಆಗಿ ನಿವೃತ್ತರಾಗಿದ್ದ ಶಿವರಾಜಪ್ಪನವರು ಅಲ್ಲಿ ಒಂದು ಸಾಲು ಮನೆ ಕಟ್ಟಿಸಿ, ಒಂದರಲ್ಲಿ ತಾವಿದ್ದುಕೊಂಡು, ಪಕ್ಕದ್ದನ್ನು ಮಾರಲು ಇಟ್ಟಿದ್ದರು. ಅಡ್ಡಹೆಸರು ಕೇಳಲಿಲ್ಲ. ಅಷ್ಟಕ್ಕೇ ನಾನು ಅರ್ಧ ಒಪ್ಪಿದ್ದೆ. ಬೇವಿನ ಮರ, ಅಗಲ ರಸ್ತೆ, ಮಧ್ಯಾಹ್ನದ ಹೊತ್ತಿಗೆ ಒಂದು ಸಪ್ಪಳವಿಲ್ಲ. ಒಳಗೆ ಬಿಳಿ ಹೆಂಚು ಹಾಕಿದ, ಒಳಚಿಲಕವಿರುವ, ನಮ್ಮೊಬ್ಬರದೇ ಸಂಡಾಸ. ಹಿತ್ತಲಿಗೆ ಕರೆದುಕೊಂಡು ಹೋಗಿ, ನೆಲದ ಮೇಲಿನ ಸಿಮೆಂಟಿನ ಮುಚ್ಚಳವನ್ನು ಕಾಲಲ್ಲಿ ತಟ್ಟಿ ತೋರಿಸಿದರು.

"ಇದರ ಕೆಳಗ ಗುಂಡಿ ಅದ ರೀ ಸಿಸ್ಟರ್ ಬಾಯಿ. ಹಿಂದಿನವರು ಕೆಂಪು ಕಲ್ಲಿನ್ಯಾಗ ಕಡದಿದ್ದ ಹಾಳು ಬಾವಿ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ತುಂಬಂಗಿಲ್ಲ. ಖಾಲಿ ಮಾಡೋ ಗಾಡಿ ಕರಸೋ ತ್ರಾಸೇ ಇಲ್ಲ."

ನನಗೆ ಇನ್ನೇನು ಬೇಕಿತ್ತು? ಮೊದಲ ದಿನ ಒಳಗೆ ಹೋಗಿ ಚಿಲಕ ಹಾಕಿಕೊಂಡು, ಕೆಲಸ ಮುಗಿದ ಮೇಲೂ ಸುಮ್ಮನೆ ಕೂತೇ ಇದ್ದೆ. ಯಾರೂ ಬಾಗಿಲು ತಟ್ಟಲಿಲ್ಲ. ಅಳು ಬಂತು, ಅತ್ತುಬಿಟ್ಟೆ.

ಎರಡು ಸಾವಿರದ ಹದಿನಾರರ ಬೇಸಿಗೆ ಅದು. ಮಳೆ ಕೈಕೊಟ್ಟು ವರ್ಷಗಳಾಗಿದ್ದವು. ಔರಾದ ಕಡೆಯ ಊರುಗಳಲ್ಲಿ ಮನೆಗೊಂದು ಬೀಗ ಬಿದ್ದಿತ್ತು, ಜನ ಪುಣೆ, ಹೈದರಾಬಾದ್ ಎಂದು ಗುಳೆ ಹೊರಟಿದ್ದರು. ನನ್ನ ತಂಗಿ ಶಾಲುಬಾಯಿ ಮತ್ತು ಅವಳ ಗಂಡ ಪಂಢರಿ ಮಾತ್ರ ಮಕ್ಕಳನ್ನು ಕಟ್ಟಿಕೊಂಡು ಬೀದರಿಗೇ ಬಂದರು, ಮನೆ ಕಟ್ಟುವ ಕೂಲಿಗೆ. ನಮ್ಮಲ್ಲೇ ಇರಿ ಎಂದರೆ ಕೇಳಲಿಲ್ಲ. ಕಾಲೋನಿಯ ಕೆಳಗೆ ಹಳ್ಳದ ದಂಡೆಯಲ್ಲಿ, ತಮ್ಮಂತೆ ಬಂದವರ ನಡುವೆ ತಗಡಿನ ಶೆಡ್ಡು ಹಾಕಿಕೊಂಡರು. ಅಲ್ಲೇ ಯಾಕೆ ಎಂದರೆ, ಅಲ್ಲಿ ಸುರಂಗದ ನೀರಿತ್ತು. ಬಾದಶಹರ ಕಾಲದಲ್ಲಿ ಕಲ್ಲು ಕೊರೆದು ಮಾಡಿದ ಸುರಂಗ. ಮೇಲಿನ ದಿಬ್ಬದಿಂದ ನೆಲದೊಳಗೇ ಹರಿದು ಬಂದು ಹಳ್ಳದ ಬಳಿ ಕಲ್ಲಿನ ಬಾಯಿಯಿಂದ ಹೊರಬೀಳುತ್ತಿತ್ತು.

ಕಾಲೋನಿಯ ಬೋರುಗಳೆಲ್ಲ ಒಣಗಿದವು. ಟ್ಯಾಂಕರ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆಗ ಶಾಲು ಕೂಲಿಯಿಂದ ಬಂದವಳು ಒಂದು ಕೊಡ ಸುರಂಗದ ನೀರನ್ನು ದಿಬ್ಬ ಹತ್ತಿಸಿ ತಂದು ನನ್ನ ಅಡುಗೆಮನೆಯಲ್ಲಿ ಇಡುತ್ತಿದ್ದಳು. "ಇಷ್ಟು ದೊಡ್ಡ ಮನಿ ತಗೊಂಡು ನೀರಿಗಿ ನನ್ನ ದಾರಿ ನೋಡ್ತೀ ನೋಡು" ಎಂದು ನಗುತ್ತಿದ್ದಳು. ನಾನು ಅದನ್ನು ಕುದಿಸಿ ಕುಡಿಯುತ್ತಿದ್ದೆ. ಅವರಿಗೆ ಅನ್ನ ಬೇಯಿಸಲು ಕಟ್ಟಿಗೆ ಸಿಕ್ಕರೆ ಸಾಕಾಗಿತ್ತು, ನೀರು ಎಲ್ಲಿಂದ ಕುದಿಸಬೇಕು?

ಬಿಸಿಲು ಏರಿದಂತೆ ಶೆಡ್ಡಿನ ಮಕ್ಕಳು ವಾಂತಿ, ಭೇದಿ ಎಂದು ನಮ್ಮ ದವಾಖಾನೆಗೆ ಬರತೊಡಗಿದವು. ನಾನು ತಾಯಂದಿರನ್ನು ಬೈದೆ. "ಕೈ ತೊಳ್ಕೋರಿ, ಹಳ್ಳದಾಗ ಕೂಡಬ್ಯಾಡ್ರಿ, ಹೊಲಸು ಮಾಡೋರು ನೀವೇ, ಅನುಭವಿಸೋರೂ ನೀವೇ" ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ತಲೆ ತಗ್ಗಿಸಿ "ಹೌದ್ರಿ ಸಿಸ್ಟರ್ ಬಾಯಿ" ಎನ್ನುತ್ತಿದ್ದರು. ಒಂದು ದಿನ ಶಾಲು ತನ್ನ ಕಿರಿಮಗಳನ್ನು ಹೆಗಲಿಗೆ ಹಾಕಿಕೊಂಡು ಓಡಿಬಂದಳು. ಕಣ್ಣು ಗುಳಿ ಬಿದ್ದ ಕೂಸು. ಸಲೈನ್ ಹಚ್ಚಲು ಕೈಯಲ್ಲಿ ನರ ಸಿಗದೆ ಕಾಲಿಗೆ ಚುಚ್ಚಿದೆ. ಕೂಸು ಉಳಿಯಿತು ಎನ್ನಿ. ಆದರೆ ನನ್ನ ಮೈಯೆಲ್ಲ ಉರಿಯುತ್ತಿತ್ತು, ಆ ನೀರಿಗೆ ಯಾರು ಏನು ಸೇರಿಸುತ್ತಿದ್ದಾರೆ ಎಂದು ನೋಡಿಯೇ ಬಿಡುತ್ತೇನೆಂದು ಡ್ಯೂಟಿ ಮುಗಿದ ಕೂಡಲೇ ಹಳ್ಳಕ್ಕೆ ಹೋದೆ.

ಸುರಂಗದ ದಾರಿ ಹಿಡಿಯುವುದು ಕಷ್ಟವಲ್ಲ. ಅಗೆದವರು ಗಾಳಿ, ಬೆಳಕಿಗೆಂದು ಅಲ್ಲಲ್ಲಿ ಮೇಲಿನಿಂದ ಬಾವಿಯಂಥ ಕಿಂಡಿಗಳನ್ನು ಬಿಟ್ಟಿದ್ದಾರೆ. ಕಲ್ಲಿನ ಬಾಯಿಯಿಂದ ಮೇಲೆ ಹತ್ತುತ್ತ ಹೋದೆ. ಜಾಲಿಯ ಪೊದೆಯೊಳಗೆ ಒಂದು ಕಿಂಡಿ, ಬಗ್ಗಿದರೆ ಕೆಳಗೆ ನೀರಿನ ಸಪ್ಪಳ. ಅದರ ನೇರಕ್ಕೆ ಇನ್ನೊಂದು. ಅದರ ನೇರಕ್ಕೆ ನಮ್ಮ ಕಾಲೋನಿಯ ಗೋಡೆ. ಗೋಡೆಯಾಚೆ ಶಿವರಾಜಪ್ಪನವರ ಹಿತ್ತಲು. ಅದಕ್ಕೆ ಹತ್ತಿಕೊಂಡು ನನ್ನ ಹಿತ್ತಲು, ನನ್ನ ಸಿಮೆಂಟಿನ ಮುಚ್ಚಳ.

ಹಾಳು ಬಾವಿಯಲ್ಲ ಅದು, ಸುರಂಗದ್ದೇ ಇನ್ನೊಂದು ಕಿಂಡಿ. ತುಂಬದ ಗುಂಡಿ! ಹ್ಯಾಗೆ ತುಂಬೀತು? ನಾವು ಬಿಟ್ಟದ್ದೆಲ್ಲ ಇಳಿದು ನನ್ನ ತಂಗಿಯ ಕೊಡಕ್ಕೆ ಬೀಳುತ್ತಿತ್ತು. ಬೈಸಿಕೊಂಡ ಆ ತಾಯಂದಿರ ಮುಖಗಳು ಒಂದೊಂದೇ ಕಣ್ಣ ಮುಂದೆ ಬಂದವು. ಥೂ, ನನ್ನ ಬಾಯಿಗಿಷ್ಟು ಬೆಂಕಿ ಹಾಕ ಎನ್ನಿಸಿತು.

ಶಿವರಾಜಪ್ಪನವರು ಅಂಗಳದಲ್ಲಿ ಆರಾಮ ಕುರ್ಚಿ ಹಾಕಿಕೊಂಡು ಕೂತಿದ್ದರು. ಹೇಳಿದೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ.

"ನಮ್ಮ ಸಾಲಿನ ಮನಿಗೋಳ್ದು ಎಲ್ಲಾ ಹಂಗೇ ಅದ ರೀ. ಗುಂಡಿ ಕಡೀಬೇಕಂದ್ರ ಈ ಕಲ್ಲು ಸುಮ್ನ ಬಿಡ್ತದೇನು?"

"ಕೆಳಗ ಜನ ಕುಡಿತಾರ ರೀ ಅದನ್ನ!"

"ಯಾರು ಕುಡಿತಾರ? ಗುಳೆ ಬಂದ ಮಂದಿ. ಮಳಿ ಬಿತ್ತಂದ್ರ ತಮ್ಮ ಊರಿಗಿ ತಾವು ಹೋಗ್ತಾರ. ನಾವು ಇಲ್ಲೇ ಇರೋರು. ಈ ಮಾತು ಹೊರಗ ಬಿತ್ತಂದ್ರ ನಗರಸಭಿಯವರು ಬಂದು ಸಾಲಿಗಿ ಸಾಲೇ ಸೀಲ್ ಹಾಕ್ತಾರ. ನಿಮಗ ಇನ್ನೊಂದು ಮನಿ ಯಾರು ಕೊಡ್ತಾರ ಹೇಳ್ರಿ?"

ಎಲ್ಲಿ ಚುಚ್ಚಿದರೆ ನೋಯುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅಡ್ಡಹೆಸರು ಕೇಳದೆಯೇ ಎಲ್ಲ ತಿಳಿದುಕೊಂಡಿದ್ದ ಮನುಷ್ಯ. ನನ್ನ ತಂಗಿ ಆ ಗುಳೆ ಮಂದಿಯಲ್ಲಿ ಒಬ್ಬಳು ಎಂಬುದು ಮಾತ್ರ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ಇವತ್ತಿಗೂ ನನ್ನ ಮೇಲೇ ನನಗೆ ಸಿಟ್ಟು.

ಮನೆಗೆ ಬಂದು ಸಂಡಾಸಕ್ಕೆ ಬೀಗ ಜಡಿದೆ. ಕಾಶೀರಾಮ ಕೇಳಿ ತಲೆ ಮೇಲೆ ಕೈ ಹೊತ್ತರು. "ಹೋಗ್ಲಿ ಬಿಡು ಅನ್ರಿ ನೋಡೋಣ ಈಗ" ಎಂದು ಹರಿಹಾಯ್ದೆ. ಅವರು ಅನ್ನಲಿಲ್ಲ. ಆದರೆ ಶಾಲುಗೆ ಹೇಳಬೇಡ ಎಂದರು. ಶೆಡ್ಡಿಗೆ ತಿಳಿದರೆ ಊರಿಗೇ ತಿಳಿದಂತೆ, ಮನೆ ಹೋಗುತ್ತದೆ, ಮತ್ತೆ ಅದೇ ವಠಾರ ಎಂದರು. ನಾನು ತಂಗಿಗೆ "ಆ ನೀರು ಕುಡಿಬ್ಯಾಡ್ರಿ" ಎಂದಷ್ಟೇ ಹೇಳಿದೆ. "ಮತ್ತ್ಯಾವ ನೀರು ಕುಡಿಬೇಕು?" ಎಂದಳು.

ಅಂದಿನಿಂದ ನಾನು ದವಾಖಾನೆಯ ಸಂಡಾಸ, ಅವರು ಡಿಪೋದ್ದು. ಸ್ವಂತ ಮನೆಯಲ್ಲಿ ಹೊಟ್ಟೆ ಹಿಡಿದುಕೊಂಡು ಕೂರುವುದು ಎಂದರೆ, ಇದಕ್ಕಿಂತ ಕೆಟ್ಟ ಹಣೆಬರಹ ಉಂಟೇ? ಹೊಸ ಗುಂಡಿ ತೋಡಿಸೋಣವೆಂದರೆ ಕಲ್ಲು ಕಡಿಯುವವರೆಲ್ಲ ಗುಳೆ ಹೋಗಿದ್ದರು. ಕೊನೆಗೆ ಹಾರೆ, ಬುಟ್ಟಿ ಹಿಡಿದು ಬಂದವರು ಪಂಢರಿ, ಶಾಲು ಇಬ್ಬರೇ. ಶಾಲು ಎಂದಿನಂತೆ ಕೊಡ ತಂದು ಅಡುಗೆಮನೆಯಲ್ಲಿ ಸುರಿದು, ಖಾಲಿ ಕೊಡವನ್ನು ಕಟ್ಟೆಯ ಮೇಲಿಟ್ಟಳು. ಪಂಢರಿ ಹಿತ್ತಲಲ್ಲಿ ಎರಡೇಟು ಹಾಕಿ, ಸಿಮೆಂಟಿನ ಮುಚ್ಚಳದ ಕಡೆ ನೋಡಿ ನಿಂತ.

"ಅಕ್ಕಾ, ಇಷ್ಟು ಆಳದ್ದು ಒಂದು ಇರೋವಾಗ ಇನ್ನೊಂದು ಯಾದಕ ರೀ? ಅದ್ಕೇನಾಗ್ಯಾದ?"

ಕಾಶೀರಾಮ ನನ್ನ ಕಡೆ ನೋಡಿ ಬೇಡ ಎಂಬಂತೆ ತಲೆ ಆಡಿಸಿದರು. ಶಾಲು ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಇನ್ನು ನನ್ನಿಂದಾಗಲಿಲ್ಲ. ಹೇಳಿದೆ, ಎಲ್ಲ ಹೇಳಿದೆ. ಮುಚ್ಚಳದ ಕೆಳಗೆ ಏನಿದೆ, ಅದು ಎಲ್ಲಿಗೆ ಹೋಗಿ ಬೀಳುತ್ತದೆ, ನನಗೆ ಎಂದಿನಿಂದ ಗೊತ್ತು.

ಪಂಢರಿ ಹಾರೆಯನ್ನು ಕೆಳಗಿಟ್ಟ. ಶಾಲು ಬೈಯಲಿ, ಎದೆ ಎದೆ ಬಡಿದುಕೊಳ್ಳಲಿ, ನನ್ನ ಜುಟ್ಟು ಹಿಡಿದು ಎಳೆಯಲಿ ಎಂದು ನಾನು ಕಾದೆ. ಅವಳು ಪಕ್ಕದ ಹಿತ್ತಲಿನ ಕಡೆ ಕೈ ಮಾಡಿದಳು.

"ಅವರದು?"

"ಅವರು ಮುಚ್ಚಂಗಿಲ್ಲಂತ."

"ಅದರಾಚಿ ಮನಿಯವರದು?"

"ಅವರದೂ ಅಲ್ಲೇ."

ಶಾಲು ಕಟ್ಟೆಯ ಮೇಲಿದ್ದ ಖಾಲಿ ಕೊಡವನ್ನು ಎತ್ತಿ ಸೊಂಟಕ್ಕೆ ಇಟ್ಟುಕೊಂಡಳು. ಹೊತ್ತು ಇಳಿಯುತ್ತಿತ್ತು, ಮಕ್ಕಳಿಗೆ ನೀರು ತುಂಬಿಡಬೇಕಿತ್ತು.

"ಆತು ಬಿಡಕ್ಕಾ" ಎಂದಳು. "ಇಷ್ಟು ದಿನ ನಿಂದೂ ಕುಡದೇವಿ. ಇನ್ನ ಮ್ಯಾಲ ಮಂದೀದಷ್ಟೇ ಕುಡಿತೇವಿ."