ತಗ್ಗಿಗೆ ಹೊಡೆದ ಮೊಳೆಗಳು

ಕುರ್ಚಿ ಹತ್ತಿ ಅಡುಗೆಮನೆಯ ಕಪಾಟಿನ ಮೇಲೆ ತಡಕಾಡಿದಾಗ ದರ್ಜಿಯ ತಂಗಿಗೆ ಕೊನೆಗೂ ಒಂದು ದೊಡ್ಡ ಪಾತ್ರೆ ಸಿಕ್ಕಿತು. ಅತ್ತಿಗೆಯನ್ನು ಮಣ್ಣು ಮಾಡಿ ಬಂದ ಹದಿನೈದು ಜನಕ್ಕೆ ಚಹಾ ಆಗಬೇಕಿತ್ತು. ಪಾತ್ರೆಯೊಳಗಿದ್ದ ಹಳೇ ಬಟ್ಟೆಯನ್ನು ಮೂಸಿ, ಮುಖ ಸಿಂಡರಿಸಿ, ಕಸದ ಬುಟ್ಟಿಗೆ ಎಸೆದಳು.

ಹೊರಗಿನ ಕೋಣೆಯಲ್ಲಿ ದರ್ಜಿ ಮಾತಾಡುತ್ತಲೇ ಇದ್ದ. ಬಾಯಿ ಮುಚ್ಚಿದರೆ ಅಳು ಬರುತ್ತದೆಂದು ಅವನಿಗೆ ಗೊತ್ತಿತ್ತು.

"ಅಕ್ಕ ಕಬ್ಬಿಣದಂಗಡೀಲಿ ಕೂತು ಸುಮ್ಮನೆ ಮೊಳೆ ತೂಗಿದವರಲ್ಲ," ಎಂದ ಮನೆಗಳ ಮಾಡಿಗೆ ತಗಡು ಹೊದಿಸುವ ಮೇಸ್ತ್ರಿ. "ಯಾವ ತಗಡು, ಕೆಳಗೆ ಯಾವ ಮರ, ಎಲ್ಲ ಹೇಳೋವರೆಗೂ ತಕ್ಕಡಿ ಮುಟ್ತಿರಲಿಲ್ಲ. ಒಂದ್ಸಲ ಮಾಡಿಗೆ ಸಾದಾ ಮೊಳೆ ಕೇಳಿದ್ದಕ್ಕೆ ಬೈದು ಓಡಿಸಿದ್ರು."

"ನನ್ನ ಕೆಲಸದಲ್ಲಿ ಮಾತ್ರ ತಪ್ಪು ಹುಡುಕೋಕೆ ಆಗ್ಲಿಲ್ಲ ಅವಳಿಗೆ," ಎಂದ ದರ್ಜಿ. "ಅಡುಗೆಮನೆ ಮಾಡು ಹೊದಿಸಿದ್ದು ನಾನೇ. ಮೂವತ್ತೆಂಟು ಮಳೆಗಾಲ. ಒಂದು ಹನಿ ಸೋರಿಲ್ಲ."

ಈ ಮಾತು ಕೇಳದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಮೇಸ್ತ್ರಿ ಮಾತ್ರ ನೆಲ ನೋಡುತ್ತ ಕುಳಿತ.

*

ಮದುವೆಯಾದ ವರ್ಷ. ಮೋಡ ಕವಿದಿತ್ತು. ಅವಳು ಅಂಗಡಿಯಿಂದ ನೀರು ಇಳಿಯದಂತೆ ತಡೆಯುವ ರಬ್ಬರ್ ವಾಷರಿನ ಮೊಳೆ ತರುವಷ್ಟರಲ್ಲಿ, ದರ್ಜಿ ಹೊಲಿಗೆ ಮೇಜಿಗೆಂದು ತಂದು ಉಳಿದಿದ್ದ ಸಾದಾ ಮೊಳೆಗಳನ್ನೇ ಹೊಡೆದು ಮುಗಿಸಿದ್ದ. ಅದೂ ತಗಡಿನ ಉಬ್ಬಿಗಲ್ಲ, ನೀರು ಹರಿಯುವ ತಗ್ಗಿಗೆ. ಸೂಜಿ ಬಿಟ್ಟು ಬೇರೇನೂ ಹಿಡಿದವನಲ್ಲ. ಹೆಬ್ಬೆರಳು ಜಜ್ಜಿಕೊಂಡು ಏಣಿಯಿಂದಿಳಿದು, "ಹೇಗಿದೆ?" ಎಂದ.

ಅವಳು ಮಾಡನ್ನು ನೋಡಿದಳು. ಆಮೇಲೆ ಆ ಹೆಬ್ಬೆರಳನ್ನು ನೋಡಿದಳು.

"ಚೆನ್ನಾಗಿದೆ ರೀ," ಎಂದು ಮೊಳೆಯ ಪೊಟ್ಟಣವನ್ನು ಮೆಲ್ಲಗೆ ಚೀಲದೊಳಕ್ಕೆ ಸರಿಸಿದಳು.

*

ಚಹಾ ಕುದಿಯುವ ಹೊತ್ತಿಗೆ ಮಳೆ ಹಿಡಿಯಿತು. ಅಡುಗೆಮನೆಯಲ್ಲಿ ಟಪ್ ಎಂದಿತು. ತುಸು ಬಿಟ್ಟು ಮತ್ತೊಮ್ಮೆ. ದರ್ಜಿ ಅರ್ಧ ಮಾತಿನಲ್ಲೇ ಎದ್ದು ಒಳಗೆ ಹೋಗಿ ಕುರ್ಚಿ ಹತ್ತಿದ. ಕಪಾಟಿನ ಮೇಲೆ ಪಾತ್ರೆಯ ತಳದಷ್ಟಗಲದ ದುಂಡನೆಯ ಕಲೆ. ಅದರ ನಡುವೆ ಹನಿ ಬೀಳುತ್ತಿತ್ತು.

"ಇಲ್ಲೇನಿತ್ತು?"

"ಈ ಪಾತ್ರೆ ಅಣ್ಣ. ಒಳಗೆ ಯಾವುದೋ ನಾರೋ ಬಟ್ಟೆ ಇತ್ತು, ಎಸೆದೆ."

ದರ್ಜಿ ಬುಟ್ಟಿಯಿಂದ ಬಟ್ಟೆ ಎತ್ತಿದ. ಅವನೇ ಕತ್ತರಿಸಿ ಬಿಟ್ಟ ಅಸ್ತರಿನ ತುಂಡು. ಹನಿ ಬಿದ್ದರೆ ಸದ್ದಾಗದಿರಲೆಂದು ಹೆಂಡತಿ ನಾಲ್ಕು ಮಡಿಕೆ ಮಾಡಿ ಹಾಸಿದ್ದಳು.

ಹಿಂದೆಯೇ ಬಂದ ಮೇಸ್ತ್ರಿ ಬಾಗಿಲಲ್ಲಿ ನಿಂತಿದ್ದ.

"ನಿನಗೆ ಗೊತ್ತಿತ್ತಾ?" ಎಂದು ದರ್ಜಿ ಕೇಳಿದ.

"ಒಂದ್ಸಲ ಮೊಳೆ ಬದಲಾಯಿಸ್ತೀನಿ ಅಂದೆ, ಭಾವ. 'ಅವರು ಹೊಡೆದಿದ್ದು, ಮುಟ್ಟಬೇಡ' ಅಂದ್ರು." ಮೇಸ್ತ್ರಿ ತಲೆಯೆತ್ತಿ ಮಾಡನ್ನು ನೋಡಿದ. "ಮಳೆ ನಿಂತ ಮೇಲೆ ಹತ್ತಲಾ? ಅರ್ಧ ಗಂಟೆ ಕೆಲಸ."

ದರ್ಜಿಗೆ ನಾಚಿಕೆಯಾಯಿತು. ಮೂವತ್ತೆಂಟು ಮಳೆಗಾಲ ಅವಳು ಈ ಕುರ್ಚಿ ಹತ್ತಿ ಇಳಿದದ್ದು ಕಣ್ಣಿಗೆ ಕಟ್ಟಿ, ಬೆಳಗಿನಿಂದ ತಡೆದಿದ್ದ ಅಳು ಬಂದೇಬಿಟ್ಟಿತು.

"ಬೇಡಪ್ಪ," ಎಂದ.

ಚಹಾವನ್ನು ಲೋಟಗಳಿಗೆ ಬಗ್ಗಿಸಿ ಪಾತ್ರೆ ತೊಳೆದ. ಬಟ್ಟೆಯನ್ನು ಹಿಂಡಿ, ಅದೇ ನಾಲ್ಕು ಮಡಿಕೆ ಮಾಡಿ ಒಳಗೆ ಹಾಸಿ, ಕುರ್ಚಿ ಹತ್ತಿ ಆ ಕಲೆಯ ಮೇಲೆ ಸರಿಯಾಗಿ ಕೂರಿಸಿದ. ಹನಿ ಬೀಳುತ್ತಲೇ ಇತ್ತು. ಸದ್ದು ಮಾತ್ರ ಇರಲಿಲ್ಲ.