ತೊಳೆದ ಕಲ್ಲುಗಳು

ಪದ್ಮಾವತಿ ಪೈಪಿನ ತುದಿಯನ್ನು ಡ್ರಮ್ಮಿನೊಳಗೆ ಒತ್ತಿ ಹಿಡಿದು, ಗಾಜಿನ ತೊಟ್ಟಿಯ ನೀರು ಇಳಿಯುವುದನ್ನೇ ನೋಡುತ್ತ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಇದು ಕೊನೆಯ ಡ್ರಮ್ಮು. ಕಡಲಿನಷ್ಟೇ ಉಪ್ಪಿರುವ ಆ ನೀರು ಒಂದು ತೊಟ್ಟೂ ಚೆಲ್ಲದೆ ಹೊಸ ಮನೆಗೆ ಹೋಗಬೇಕು. ಸೊಂಟ ಹಿಡಿದುಕೊಂಡಿತ್ತು. ನಸುಕಿನಲ್ಲೇ ವೈಟ್‌ಫೀಲ್ಡಿನ ಫ್ಲ್ಯಾಟಿನಲ್ಲಿ ಹಾಲುಕ್ಕಿಸಿ, ಬಂದ ನೆಂಟರಿಗೆ ಉಪ್ಪಿಟ್ಟು ಕೇಸರಿಬಾತು ಬಡಿಸಿ, ಅದೇ ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿಕೊಂಡು ದೊಡ್ಡನೆಕ್ಕುಂದಿಯ ಹಳೇ ಮನೆಗೆ ಮರಳಿದ್ದಳು. ಮಂಚ, ಬೀರು, ಪಾತ್ರೆ ಎಲ್ಲ ನಿನ್ನೆಯೇ ಹೋಗಿದ್ದವು. ಉಳಿದದ್ದು ಈ ತೊಟ್ಟಿಯೊಂದೇ. ಅದನ್ನು ಬಿಚ್ಚಲು ಗೊತ್ತಿದ್ದವಳೂ ಅವಳೊಬ್ಬಳೇ.

ಗಂಡ ಮುನೀಂದ್ರ ಕಂಪನಿಗಳಿಗೆ ಕ್ಯಾಬ್ ಬಿಡುತ್ತಿದ್ದ. ಆರು ವರ್ಷದ ಹಿಂದೆ ಯಾವುದೋ ಟೆಕ್ ಪಾರ್ಕಿನಲ್ಲಿ ಮ್ಯಾನೇಜರಿಗಾಗಿ ಕಾಯುತ್ತ ಕೂತಾಗ ಇಂಥದ್ದೊಂದು ಕಡಲಮೀನಿನ ತೊಟ್ಟಿ ಕಂಡು, ಹಠ ಹಿಡಿದು ಮನೆಗೂ ತರಿಸಿದ. ಕೆಲವು ತಿಂಗಳು ಕಾಫಿ ಲೋಟ ಹಿಡಿದು ಅದರೆದುರು ನಿಂತ. ಆಮೇಲೆ ಮರೆತ. ತೊಟ್ಟಿ ಪದ್ಮಾವತಿಯ ಕೆಲಸಗಳಲ್ಲಿ ಒಂದಾಗಿ ಸೇರಿಕೊಂಡಿತು. ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಆರಿದಷ್ಟು ಸಿಹಿನೀರು ದಿನಾ ಬೆಳಿಗ್ಗೆ ತುಂಬಬೇಕು. ನೀರಿನ ಮಟ್ಟಕ್ಕೆ ಗುರುತಿರಲೆಂದು ಗಾಜಿನ ಮೂಲೆಗೆ ತನ್ನದೊಂದು ಸ್ಟಿಕ್ಕರ್ ಬೊಟ್ಟು ಅಂಟಿಸಿದ್ದಳು. ತಾಯಿಯ ವೈಕುಂಠ ಸಮಾರಾಧನೆಗೆ ಹೋದವಳೂ ಊಟ ಮುಗಿದ ಮಧ್ಯಾಹ್ನವೇ ಹೊರಟುಬಂದಿದ್ದಳು. ಮೀನಿಗೋಸ್ಕರ ಎಂದರೆ ನಗುತ್ತಾರೆಂದು ತವರಿನವರ ಹತ್ತಿರ ತಲೆನೋವು ಎಂದಿದ್ದಳು.

ಆದರೆ ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಅದರ ಮುಂದೆ ಸ್ಟೂಲು ಹಾಕಿ ಕೂತರೆ, ಆ ನೀಲಿ ಬೆಳಕಿನಲ್ಲಿ ಯಾರೂ ಅವಳನ್ನು ಏನೂ ಕೇಳುತ್ತಿರಲಿಲ್ಲ. ಕಿತ್ತಳೆ ಮೈಯ ಎರಡು ಮೀನು, ಹೂವಿನ ಹಾಗೆ ಬಾಗಿ ತೂಗುವ ಅನಿಮೋನ್ ಎಂಬ ಒಂದು ಕಡಲಜೀವಿ, ಅದರ ಎಸಳುಗಳ ನಡುವೆ ಅವು ಅಡಗುವುದು, ಹೊರಬರುವುದು. ದಿನದಲ್ಲಿ ಅವಳದು ಅಂತ ಇದ್ದದ್ದು ಅಷ್ಟೇ.

ಪೈಪು ಕೊನೆಯ ಗುಟುಕು ಎಳೆದು ಗೊರಗೊರ ಅಂದಿತು. ಎದ್ದು ಸೆರಗಿಗೆ ಕೈ ಒರೆಸಿಕೊಂಡು ಹಿತ್ತಿಲಿಗೆ ಹೋದಳು. ತೊಟ್ಟಿಯ ಕಲ್ಲುಗಳನ್ನು ಬಂದ ಕೂಡಲೇ ಎತ್ತಿ, ಉಪ್ಪುನೀರಿನ ಟಬ್ಬಿನಲ್ಲಿ ಮುಳುಗಿಸಿ ನೆರಳಲ್ಲಿಟ್ಟಿದ್ದಳು. ಟಬ್ಬು ಮಗುಚಿ ಬಿದ್ದಿತ್ತು. ಬೋರ್‌ವೆಲ್ ನಲ್ಲಿಯ ಕೆಳಗೆ ಅವಳ ಜೊತೆಗೇ ಮರಳಿದ್ದ ಅತ್ತೆ ಸೊಣ್ಣಮ್ಮ ಕಾಲು ನೀಡಿಕೊಂಡು ಕೂತು ತೆಂಗಿನ ನಾರಿನಿಂದ ಕಲ್ಲು ಉಜ್ಜುತ್ತಿದ್ದಳು. ಉಜ್ಜಿದವು ಜಗಲಿಯ ಮೇಲೆ ಬಿಸಿಲಿಗೆ ಸಾಲಾಗಿ ಕೂತಿದ್ದವು, ಬೆಳ್ಳಗೆ. ದೊಡ್ಡದಕ್ಕೆ ಅರಿಸಿನ ಕುಂಕುಮವೂ ಆಗಿತ್ತು.

"ಅತ್ತೆ, ಇದನ್ಯಾಕೆ ಮುಟ್ಟಿದ್ರಿ?"

"ಮುಟ್ದೆ ಇನ್ನೇನು? ಮೈಯೆಲ್ಲಾ ಪಾಚಿ, ಉಳ ಬೇರೆ ಅರೀತಿತ್ತು. ಒಸ ಮನೆಗೆ ಇಂಥಾ ಕೊಳೆ ಒತ್ಕೊಂಡೋಗ್ತಾರೇನಮ್ಮಿ? ಒರಳುಕಲ್ಲು ತೊಳ್ದೇ ತಾನೆ ಕಳ್ಸಿದ್ದು. ಇವೇನ್ ಪಾಪ ಮಾಡಿದ್ವು?" ಸೊಣ್ಣಮ್ಮ ದೊಡ್ಡ ಕಲ್ಲಿನ ಕಡೆ ಗದ್ದ ತೋರಿಸಿದಳು. "ಅದಂತೂ ನಮ್ಮ ಮುನೇಶ್ವರನ್ನ ನೋಡ್ದಂಗೇ ಆಗ್ತದೆ. ಬರೀ ಅಣೇಲಿ ಕಳ್ಸಕ್ಕೆ ಮನ್ಸಾಗ್ಲಿಲ್ಲ."

ಪದ್ಮಾವತಿ ಜಗಲಿಯ ಅಂಚಿಗೆ ಕೂತಳು. ಕೂಗಾಡಬೇಕೆನಿಸಲಿಲ್ಲ. ತೊಟ್ಟಿ ಕೂರಿಸಿಕೊಟ್ಟ ಅಂಗಡಿಯವನು ಮೊದಲ ದಿನವೇ ಹೇಳಿದ್ದ: ಕಲ್ಲೇ ಜೀವ ಅಕ್ಕಾ, ಮೀನು ಬರೀ ನೆಂಟರು. ಕಣ್ಣಿಗೆ ಕಾಣದ ಜೀವಗಳು ಆ ಕಲ್ಲಲ್ಲಿದ್ದು ಮೀನಿನ ಕೊಳೆಯನ್ನು ತಿಂದು ನೀರನ್ನು ಕಾಪಾಡುತ್ತವೆ. ಅವು ಸತ್ತರೆ ನೀರೇ ವಿಷ.

"ಅದ್ರಲ್ಲಿ ಜೀವ ಇತ್ತು ಅತ್ತೆ. ಸಿಹಿನೀರು, ಬಿಸಿಲು ಎರಡೂ ಅದಕ್ಕಾಗಲ್ಲ."

ಸೊಣ್ಣಮ್ಮನ ಕೈ ನಿಂತಿತು. "ಕಲ್ಲೊಳ್ಗಾ?" ಹಿಡಿದಿದ್ದ ಕಲ್ಲನ್ನು ಮಡಿಲಿನಲ್ಲಿಟ್ಟುಕೊಂಡು, ತಿರುಗಿಸಿ ನೋಡಿದಳು. ತಗ್ಗಿದ ದನಿಯಲ್ಲಿ, "ಮುನೀಂದ್ರಂಗೆ ಯೋಳ್ಬೇಡ ಕಣಮ್ಮಿ," ಅಂದಳು.

"ಇಲ್ಲ. ಏಳಿ, ಸೀರೆ ನೆಂದಿದೆ."

ಅಷ್ಟರಲ್ಲಿ ಟೆಂಪೊ ಬಂತು. ಹಿಂದಿನ ಸಾಲುಮನೆಯಲ್ಲಿ ಬಾಡಿಗೆಗಿದ್ದ ಯಾದಗಿರಿ ಕಡೆಯ ಬಸಲಿಂಗ ಡ್ರಮ್ಮು ಎತ್ತಲು ಬಂದವನು ಜಗಲಿ ನೋಡಿ ನಕ್ಕ. "ಏನ್ರಿ ಅಕ್ಕಾರ, ಕಲ್ಲಿಗೂ ಎಣ್ಣಿ ನೀರು ಹಾಕೀರೇನ್ರಿ? ನಮಗ ಯಾರೂ ಹಾಕಂಗಿಲ್ಲ ನೋಡ್ರಿ."

"ನೀನೂ ಕೂರು, ಅತ್ತೆ ಉಜ್ತಾರೆ," ಅಂದಳು ಪದ್ಮಾವತಿ. ಸೊಣ್ಣಮ್ಮನಿಗೆ ನಗು ಬರಲಿಲ್ಲ.

ಖಾಲಿ ತೊಟ್ಟಿ, ಎರಡು ಡ್ರಮ್ಮು, ಗೋಣಿಚೀಲದಲ್ಲಿ ಬೆಳ್ಳನೆ ಕಲ್ಲುಗಳು ಹೊರಟವು. ಟೆಂಪೊದಲ್ಲಿ ಜಾಗ ಸಾಲದೆ ಕೊನೆಯ ಡ್ರಮ್ಮು ಅಲ್ಲೇ ಉಳಿಯಿತು. ಸೊಣ್ಣಮ್ಮ ಮುಂದಿನ ಸೀಟಿನಲ್ಲಿ ಕೂತು, ಕೈಚೀಲ ತಬ್ಬಿಕೊಂಡು, ಸೊಸೆಯನ್ನು ನೋಡದೆ ಹೋದಳು. ಮೀನನ್ನು ಆಟೋದಲ್ಲಿ ತರುತ್ತೇನೆಂದು ಪದ್ಮಾವತಿ ಉಳಿದಳು.

ಮೀನುಗಳು ಬಚ್ಚಲಿನ ಬಕೆಟ್ಟಿನಲ್ಲಿದ್ದವು. ಅನಿಮೋನ್ ಕಚ್ಚಿಕೊಂಡಿದ್ದ ಕಲ್ಲನ್ನು ಮೊದಲೇ ಅವಳು ಮೀನಿನ ಜೊತೆಗೇ ಎತ್ತಿಟ್ಟಿದ್ದಳು, ಹಾಗಾಗಿ ಅದೊಂದು ಉಳಿದಿತ್ತು. ಬ್ಯಾಟರಿ ಪಂಪು ಗುಳುಗುಳು ಅನ್ನುತ್ತಿತ್ತು. ಅನಿಮೋನ್ ಮುದುಡಿ ಮುಷ್ಟಿಯಷ್ಟಾಗಿತ್ತು. ಮೀನುಗಳು ಅದಕ್ಕೆ ಒತ್ತಿ ನಿಂತಿದ್ದವು. ಪಕ್ಕದಲ್ಲಿ ಅವಳೂ ನೆಲಕ್ಕೇ ಕೂತಳು.

ದೀಪ ಹಚ್ಚುವ ಹೊತ್ತಿಗೆ ಮುನೀಂದ್ರನ ಫೋನು ಬಂತು.

"ಪದ್ಮಾ, ಏನ್ ಸಕ್ಕತ್ತಾಗ್ ಕಾಣ್ತಿದೆ ಗೊತ್ತಾ. ಲೈಟ್ ಹಾಕಿದ್ರೆ ಕಲ್ಲೆಲ್ಲ ಬೆಳ್ಳಿ ಥರ ಹೊಳೀತಾವೆ. ಮೊದ್ಲೇ ತೊಳೀಬಾರ್ದಿತ್ತಾ? ಇಷ್ಟ್ ವರ್ಷ ಕೊಳಕಲ್ಲೇ ಇಟ್ಟಿದ್ಯಲ್ಲ."

ಹಿಂದೆ ಸೊಣ್ಣಮ್ಮ ಕೆಮ್ಮಿದ್ದು ಕೇಳಿಸಿತು.

"ಹೂಂ," ಅಂದಳು.

"ಮೀನೆಲ್ಲಿ? ಇನ್ನೇನು ಕಂಪನಿಯವ್ರೆಲ್ಲ ಬರ್ತಾರೆ."

"ಇವತ್ತು ಬೇಡ ರೀ. ಸುಸ್ತಾಗಿದಾವೆ."

"ಮೀನಿಗೆಂಥಾ ಸುಸ್ತು ಕಣೇ?" ಅವನು ಯಾರಿಗೋ ಹೇಳಿ ನಕ್ಕ. "ಹೋಗ್ಲಿ, ಬೇರೆ ಒಂದ್ ಜೊತೆ ತರಿಸ್ತೀನಿ."

"ತರಿಸ್ಬೇಡಿ. ನೀರಿನ್ನೂ ಹದಕ್ಕೆ ಬಂದಿಲ್ಲ, ಸಾಯ್ತಾವೆ."

"ಸತ್ರೆ ಇನ್ನೊಂದ್ ಜೊತೆ. ನೀನ್ ಬೇಗ ಬಾ, ಅಡುಗೆಯವ್ರಿಗೆ ಹಪ್ಪಳದ ಡಬ್ಬ ಸಿಗ್ತಿಲ್ವಂತೆ."

ಫೋನು ಇಟ್ಟಳು. ಆಮೇಲೆ ಎದ್ದಳು. ಹಿತ್ತಿಲಿನ ಒಂಟಿ ಕೋಣೆಯಲ್ಲಿ, ಕಾಯಿಲೆಯ ಮೀನು ಬಿಡಲೆಂದು ಇಟ್ಟುಕೊಂಡಿದ್ದ ಚಿಕ್ಕ ಗಾಜಿನ ತೊಟ್ಟಿ ಮೂಲೆಯಲ್ಲಿತ್ತು. ಯಾರಿಗೂ ಬೇಡದ್ದೆಂದು ಬಿಟ್ಟಿದ್ದರು. ಅದರ ದೂಳು ಒರೆಸಿ, ಉಳಿದಿದ್ದ ಡ್ರಮ್ಮಿನಿಂದ ಚೊಂಬು ಚೊಂಬಾಗಿ ನೀರು ಹೊತ್ತು ತುಂಬಿದಳು. ಕಲ್ಲನ್ನು ಎರಡೂ ಕೈಯಲ್ಲಿ ಇಳಿಸಿ, ಮೀನುಗಳನ್ನು ಬಟ್ಟಲಿನಲ್ಲಿ ತಂದು ಬಿಟ್ಟಳು. ಪಂಪು, ದೀಪ ಎರಡರ ಸ್ವಿಚ್ಚು ಹಾಕಿದಳು.

ಮುಂಭಾಗದ ಮನೆಯಷ್ಟೇ ನಾಳೆ ಬಾಡಿಗೆಗೆ ಕೊರಿಯರ್ ಗೋಡೌನಿನವರ ಕೈಗೆ ಹೋಗುತ್ತದೆ. ಅವರಿಗೆ ಕೊಡಬೇಕಾದ ಗೊಂಚಲಿನಿಂದ ಈ ಕೋಣೆಯ ಬೀಗದ ಕೈಯನ್ನು ಉಗುರಿನಿಂದ ಬಿಡಿಸಿ ಸೆರಗಿಗೆ ಕಟ್ಟಿಕೊಂಡಳು. ದಿನಾ ಬೆಳಿಗ್ಗೆ ನೀರು ತುಂಬಲು ಬರಬೇಕು; ಹೊಸ ಮನೆಯಿಂದ ಈ ಕಡೆ ಬರುವ ಬಸ್ಸುಗಳು ಖಾಲಿ ಇರುತ್ತವೋ ಇಲ್ಲವೋ, ಗೊತ್ತಿರಲಿಲ್ಲ.

ಹೊಸಿಲವರೆಗೆ ಹೋದವಳು ಮತ್ತೆ ಒಳಗೆ ಬಂದು ತೊಟ್ಟಿಯ ಮುಂದೆ ಬಗ್ಗಿದಳು. ಹಣೆಯ ಬೊಟ್ಟು ತೆಗೆದು, ನೀರು ಎಲ್ಲಿಯವರೆಗೆ ನಿಂತಿದೆಯೋ ಅಲ್ಲಿಗೆ ಸರಿಯಾಗಿ, ಗಾಜಿಗೆ ಅಂಟಿಸಿ ಹೆಬ್ಬೆರಳಿನಿಂದ ಒತ್ತಿದಳು. ಒಳಗೆ ಅನಿಮೋನಿನ ಒಂದು ಎಸಳು ನಿಧಾನಕ್ಕೆ ಬಿಚ್ಚಿಕೊಳ್ಳುತ್ತಿತ್ತು.