ಕುಡಿಯದವರ ಮನೆಯ ನಾಯಿಗೆ ಅಮಲು

ಮಾನ್ವಿಯ ಪೀರಾ ಸಾಬರ ಪಾವ್ ಭಟ್ಟಿಯಲ್ಲಿ ಖಮೀರು, ಅಂದರೆ ಯೀಸ್ಟ್, ಹಾಕಿ ಉಬ್ಬಿಸಿದ ಹಿಟ್ಟು ಉಳಿದರೆ ಮರುದಿನದ ಹಿಟ್ಟಿಗೆ ಸೇರುತ್ತಿತ್ತು. ಒಂದು ದಿನ ಬಿಸಿಲಿಗೆ ಅದು ಹುಳಿದು ಕೆಟ್ಟಿತು. ಅನ್ನವನ್ನು ಕಸಕ್ಕೆ ಎಸೆಯಬಾರದು, ಬಾಯಿಲ್ಲದ ಜೀವಕ್ಕೆ ಹಾಕಬೇಕು ಎಂಬುದು ಅವರ ಹೆಂಡತಿ ಹಸೀನಾ ಬೇಗಂ ತವರಿನಿಂದ ತಂದ ಮಾತು. ಎರಡು ದೊಡ್ಡ ಉಂಡೆ ಮಾಡಿ ಅಂಗಳದ ನಾಯಿ ಶೇರುವಿಗೆ ಹಾಕಿದರು.

ಮಧ್ಯಾಹ್ನಕ್ಕೆ ಶೇರುವಿನ ಹೊಟ್ಟೆ ಉಬ್ಬಿ ತಮಟೆಯಂತೆ ಬಿಗಿದಿತ್ತು. ಎದ್ದರೆ ಹಿಂಗಾಲು ಜೋಲಿ ಹೊಡೆಯುತ್ತಿದ್ದವು. ಕಣ್ಣು ಬಿಡದ ಮರಿಯಾಗಿದ್ದಾಗ ಬತ್ತಿಯಲ್ಲಿ ಹಾಲು ಕುಡಿಸಿ ಉಳಿಸಿದ ಜೀವ ಅದು. ಹಸೀನಾ ಬೇಗಂ ಗಂಡನನ್ನು ಕೂಗಿ ಕರೆದರು.

"ಬಿಸಲಿಗಿ ಹಂಗಾಗ್ಯದ," ಎಂದರು ಪೀರಾ ಸಾಬ್. "ಮಜ್ಜಿಗಿ ಕುಡಸು, ಸಂಜಿಗಿ ಎದ್ದು ಬೊಗಳತದ."

ದನದ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಪಕ್ಕದ ಮನೆಯ ವಿಜಯಲಕ್ಷ್ಮಿ ಬಂದು ಶೇರುವಿನ ಬಾಯಿ ಮೂಸಿದರು. "ಆಪಾ, ಇದು ಬಿಸಲಲ್ಲ. ಅಮಲು ಏರ್ಯದ. ಸೆರೆ ಕುಡದಂಗ."

ಪೀರಾ ಸಾಬರಿಗೆ ರೇಗಿತು. "ತೋಬಾ! ಏನ್ ಮಾತಾಡ್ತೀ ವಿಜಯಮ್ಮ? ನಮ್ಮ ಏಳು ತಲಿಮಾರಿನಾಗ ಯಾರೂ ಮುಟ್ಟಿಲ್ಲ. ಇದೊಂದು ವೈನ್ ಶಾಪಿಗಿ ಹೋಗಿತ್ತೇನು?"

"ಸಿಟ್ಟಾಗಬ್ಯಾಡ್ರಿ ಸಾಬ್ರ. ಮುಂಜಾನಿ ಏನ್ ತಿಂದದ ಅದನ್ನ ಹೇಳ್ರಿ."

ಹಸೀನಾ ಬೇಗಂ ಖಾಲಿ ಹಿಟ್ಟಿನ ಪಾತ್ರೆಯತ್ತ ತಿರುಗಿದರು. "ಹಸಿ ಹಿಟ್ಟು... ಎರಡು ಉಂಡಿ. ನಾನಾ ಹಾಕೀನಿ."

"ಅದಾ ನೋಡ್ರಿ. ಭಟ್ಟಿಯಾಗ ಬೆಂದ್ರ ಖಮೀರು ಸಾಯತದ. ಹಸಿ ಹಿಟ್ಟು ತಿಂದ್ರ ಬೆಚ್ಚಗ ಹೊಟ್ಟಿಯಾಗ ಕುಂತು ಉಬ್ಬತದ, ಅಲ್ಲೇ ಸೆರೆ ಆಗಿ ರಕ್ತಕ್ಕ ಇಳೀತದ. ತಡ ಮಾಡಿದ್ರ ಉಸಿರಾ ನಿಲ್ಲತದ."

ಹಸೀನಾ ಬೇಗಂ ಮಜ್ಜಿಗೆ ಬಟ್ಟಲು ಎತ್ತಿದ್ದರು. ವಿಜಯಲಕ್ಷ್ಮಿ ಕೈ ಹಿಡಿದರು. "ಬ್ಯಾಡ್ರಿ! ಹಿಂಗ ತೂರಾಡಾಕತ್ತಾಗ ಏನೂ ಕುಡಸಬಾರದು, ವಾಂತಿ ಮಾಡಸಬಾರದು. ಉಸಿರಿನ ದಾರಿಗಿ ಹೋಗತದ. ಅಮಲಿಗಿ ಮೈ ತಣ್ಣಗಾಗತದ, ಚಾದರ ಹೊಚ್ಚರಿ, ಆಟೋ ಕರೀರಿ."

ಶೇರುವನ್ನು ಎತ್ತಿಕೊಂಡು ಆಟೋ ಹತ್ತಿದವರು ಪೀರಾ ಸಾಬರೇ. ಡಾಕ್ಟರು ಎರಡು ದಿನ ಸಲೈನ್ ಹಾಕಿದರು. ಮೂರನೆಯ ದಿನ ಶೇರು ಗೋಡೆಗೆ ಆತು ನಿಂತು ಬಾಲ ಅಲ್ಲಾಡಿಸಿತು.

ಮರುವಾರ ಮತ್ತೆ ಹಿಟ್ಟು ಉಳಿಯಿತು. ಶೇರು ಎದುರಿಗೆ ಬಂದು ಕುಳಿತಿತು. ಪೀರಾ ಸಾಬ್ ಹಿಟ್ಟನ್ನು ಮುಚ್ಚಳದ ಡಬ್ಬಿಗೆ ಹಾಕಿ ಬಿಗಿದರು. ಬೆಂದ ಪಾವಿನ ತುಂಡೊಂದನ್ನು ಆರಿಸಿ ಅದರ ಮುಂದಿಟ್ಟರು. "ನಮ್ಮ ಮನಿಯಾಗ ಕುಡಿಯೋರಿಲ್ಲ ಅಂತ ಎದಿ ಉಬ್ಬಿಸಿ ಹೇಳತಿದ್ದೆ," ಎಂದರು ಮೆಲ್ಲಗೆ. "ಬಾಯಿಲ್ಲದ್ದಕ್ಕ ನಾವಾ ಕುಡಸಿದ್ವಲ್ಲ."

ನಿಮ್ಮ ಮನೆಯಲ್ಲೂ ನಾಯಿಯೋ ಬೆಕ್ಕೋ ಇರಬಹುದು. ಖಮೀರು ಹಾಕಿದ ಹಸಿ ಹಿಟ್ಟನ್ನು ಅವುಗಳಿಗೆ ಎಟುಕದಂತೆ ಮುಚ್ಚಿಡಿ. ಸೇಂದಿ, ಬಿಯರನ್ನು ತಮಾಷೆಗೂ ನೆಕ್ಕಿಸಬೇಡಿ. ಕುಡಿದಿಟ್ಟ ಗ್ಲಾಸನ್ನು ನೆಲದ ಮೇಲೆ ಬಿಡಬೇಡಿ. ಪ್ರಾಣಿ ತೂರಾಡಿದರೆ ನಗಬೇಡಿ, ಮನೆಮದ್ದು ಹುಡುಕಬೇಡಿ, ಕೂಡಲೇ ಪಶು ವೈದ್ಯರ ಬಳಿ ಒಯ್ಯಿರಿ. ಏನು ತಿಂದಿತು ಎಂದು ಅದು ಹೇಳಲಾರದು. ನೀವೇ ಹೇಳಬೇಕು.